ಒಂದೇ ಮ್ಯುಟೇಷನ್, ಒಂದೇ ಮಾತ್ರೆ, ಎರಡು ಫಲಿತಾಂಶ

2010ರಲ್ಲಿ ಕ್ಯಾನ್ಸರ್ ವೈದ್ಯರ ಬಾಯಲ್ಲಿ ಒಂದು ಮಾತ್ರೆಯದೇ ಮಾತು. ಆಗಿನ್ನೂ ಅದಕ್ಕೆ ಎಲ್ಲರೂ ಬಳಸುವ ಹೆಸರಿರಲಿಲ್ಲ, ಪಿಎಲ್‌ಎಕ್ಸ್ 4032 ಎಂಬ ನಂಬರ್ ಇತ್ತು ಅಷ್ಟೇ. ಮುಂದೆ ಅದೇ ವೆಮುರಾಫೆನಿಬ್ ಆಯಿತು. ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಮೈಯೆಲ್ಲಾ ಹರಡಿದವರಿಗೆ ಈ ಮಾತ್ರೆ ಕೊಟ್ಟು ನೋಡಿದರು. ಬಿ-ರಾಫ್ ಎಂಬ ಜೀನ್‌ನಲ್ಲಿ ಒಂದು ನಿರ್ದಿಷ್ಟ ದೋಷ ಇದ್ದ 32 ಜನರ ಪೈಕಿ 26 ಜನರ ಗಡ್ಡೆಗಳು ಕುಗ್ಗಿದವು. ಹರಡಿದ ಮೆಲನೋಮಾದಲ್ಲಿ ಇಂಥ ಸಂಖ್ಯೆಯನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಅದೇ ಮಾತ್ರೆಯನ್ನು ದೊಡ್ಡಕರುಳಿನ ಕ್ಯಾನ್ಸರ್ ಇದ್ದ 21 ಜನರಿಗೂ ಕೊಟ್ಟರು. ಜೀನ್ ಅದೇ, ದೋಷವೂ ಅಕ್ಷರಶಃ ಅದೇ. ಗಡ್ಡೆ ಸರಿಯಾಗಿ ಕುಗ್ಗಿದ್ದು ಒಬ್ಬರಲ್ಲಿ ಮಾತ್ರ.

ಹೀಗೇಕೆ? ಕೋಶದೊಳಗಿನ ಸಿಗ್ನಲ್‌ಗಳ ಬಗ್ಗೆ ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಉತ್ತರದ ಮೊದಲ ಭಾಗ ಎರಡು ವರ್ಷದೊಳಗೆ ಸಿಕ್ಕಿತು. ಆ ಉತ್ತರ ರೋಗಿಯ ಕೈಗೆ ಔಷಧವಾಗಿ ಸಿಗಲು ಮತ್ತೆ ಎಂಟು ವರ್ಷ ಹಿಡಿಯಿತು. ಆ ಎಂಟು ವರ್ಷದ ಕಥೆಯನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ನನಗೇನೋ ಅದೇ ಜಾಸ್ತಿ ಮುಖ್ಯ ಅನಿಸುತ್ತದೆ.

ದೋಷ ಏನು

ಕೋಶ ತಾನಾಗಿ ಎರಡಾಗುವುದಿಲ್ಲ. ಹೊರಗಿನಿಂದ ‘ಬೆಳೆ’ ಎಂಬ ಸೂಚನೆ ಬರಬೇಕು. ಆ ಸೂಚನೆ ಪೊರೆಯಿಂದ ಕೋಶಕೇಂದ್ರದವರೆಗೆ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ಪೊರೆಯ ಮೇಲೆ ರಿಸೆಪ್ಟರ್, ಅಂದರೆ ಹೊರಗಿನ ಸೂಚನೆ ಹಿಡಿಯುವ ಪ್ರೋಟೀನ್ ಇರುತ್ತದೆ. ಅದರ ಕೆಳಗೆ ರಾಸ್ ಎಂಬ ಪ್ರೋಟೀನ್. ರಾಸ್ ಎಬ್ಬಿಸುವುದು ರಾಫ್ ಅನ್ನು, ರಾಫ್ ಎಬ್ಬಿಸುವುದು ಮೆಕ್ ಅನ್ನು, ಮೆಕ್ ಎಬ್ಬಿಸುವುದು ಎರ್ಕ್ ಅನ್ನು. ಎರ್ಕ್ ಕೋಶಕೇಂದ್ರಕ್ಕೆ ಹೋಗಿ, ಕೋಶ ವಿಭಜನೆಗೆ ಬೇಕಾದ ಜೀನ್‌ಗಳನ್ನು ಆನ್ ಮಾಡಿಸುತ್ತದೆ.

ಇಲ್ಲಿ ‘ಎಬ್ಬಿಸುವುದು’ ಅಂದರೆ ಬಹುಮಟ್ಟಿಗೆ ಫಾಸ್ಫೇಟ್ ಅಂಟಿಸುವುದು. ರಾಫ್, ಮೆಕ್, ಎರ್ಕ್ ಮೂರೂ ಕೈನೇಸ್‌ಗಳು, ಅಂದರೆ ಫಾಸ್ಫೇಟ್ ಅಂಟಿಸುವ ಪ್ರೋಟೀನ್‌ಗಳು. ಅಂಟಿಸಿದ್ದನ್ನು ಕಿತ್ತುಹಾಕುವ ಪ್ರೋಟೀನ್‌ಗಳೂ ಇವೆ, ಅವು ಫಾಸ್ಫಟೇಸ್‌ಗಳು. ಈ ಅಂಟಿಸು-ಕೀಳು ವ್ಯವಸ್ಥೆಯನ್ನು ಕಂಡುಹಿಡಿದದ್ದಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಫಾಸ್ಫಟೇಸ್‌ಗಳನ್ನು ನೆನಪಿಟ್ಟುಕೊಳ್ಳಿ. ಈ ಪ್ರಕರಣದಲ್ಲಿ ಅವಕ್ಕೂ ಒಂದು ಪಾತ್ರ ಇದೆ.

2002ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ತಂಡವೊಂದು, ರಾಫ್‌ನ ಒಂದು ಬಗೆಯಾದ ಬಿ-ರಾಫ್‌ನ ಜೀನ್ ಹಲವು ಕ್ಯಾನ್ಸರ್‌ಗಳಲ್ಲಿ ಕೆಟ್ಟಿದೆ ಎಂದು ತೋರಿಸಿತು. ಹೆಚ್ಚು ಕಾಣುವುದು ಮೆಲನೋಮಾದಲ್ಲಿ, ಸುಮಾರು ಅರ್ಧದಷ್ಟು ರೋಗಿಗಳಲ್ಲಿ. ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ನೂರಕ್ಕೆ ಎಂಟು-ಹತ್ತು ಜನರಲ್ಲಿ. ಕೆಟ್ಟ ಜಾಗ ಬಹುತೇಕ ಒಂದೇ: ಪ್ರೋಟೀನ್ ಸರಪಳಿಯ 600ನೇ ಸ್ಥಾನ. ಅಲ್ಲಿ ವ್ಯಾಲಿನ್ ಎಂಬ ಅಮೈನೋ ಆಸಿಡ್ ಇರಬೇಕಿತ್ತು, ಗ್ಲುಟಾಮಿಕ್ ಆಸಿಡ್ ಬಂದು ಕೂತಿದೆ. ಡಿಎನ್‌ಎಯಲ್ಲಿ ನೋಡಿದರೆ ಒಂದೇ ಒಂದು ಅಕ್ಷರದ ವ್ಯತ್ಯಾಸ. ಇದನ್ನು ವಿ600ಇ ಎನ್ನುತ್ತಾರೆ. (ಮೊದಲ ವರದಿಯಲ್ಲಿ ಇದು ವಿ599ಇ ಆಗಿತ್ತು. ಜೀನ್‌ನ ಆರಂಭದ ಭಾಗದ ಓದಿನಲ್ಲಿ ತಪ್ಪಿದ್ದರಿಂದ ಲೆಕ್ಕ ಒಂದು ಕಡಿಮೆ ಬಂದಿತ್ತು. ಹಳೆಯ ಲೇಖನ ಓದುವಾಗ ಬೇರೆ ಮ್ಯುಟೇಷನ್ ಅಂದುಕೊಳ್ಳಬೇಡಿ.)

ಈ ಒಂದು ಬದಲಾವಣೆಯಿಂದ ಬಿ-ರಾಫ್ ಸದಾ ಎಚ್ಚರವಾಗಿಯೇ ಇರುತ್ತದೆ. ಅದರ ಚಟುವಟಿಕೆ ಸಾಮಾನ್ಯ ಬಿ-ರಾಫ್‌ಗಿಂತ ಸುಮಾರು 500 ಪಟ್ಟು ಜಾಸ್ತಿ. ಮೇಲಿನಿಂದ ಸೂಚನೆ ಬರಲಿ ಬಿಡಲಿ, ಕೆಳಗೆ ಮೆಕ್‌ಗೂ ಎರ್ಕ್‌ಗೂ ‘ಬೆಳೆ, ಬೆಳೆ’ ಎಂಬ ಆಜ್ಞೆ ಹೋಗುತ್ತಲೇ ಇರುತ್ತದೆ.

ಹಾಗಾದರೆ ಚಿಕಿತ್ಸೆ ಸುಲಭ ಅಲ್ವಾ? ಕೆಟ್ಟ ಬಿ-ರಾಫ್ ಬಾಯಿ ಮುಚ್ಚಿಸುವ ಔಷಧ ಮಾಡಿದರಾಯಿತು. ವೆಮುರಾಫೆನಿಬ್ ಮಾಡಿದ್ದು ಅದನ್ನೇ.

ಮೆಲನೋಮಾದಲ್ಲಿ ಗೆಲುವು

ಮೆಲನೋಮಾದಲ್ಲಿಯೂ ಮೊದಲ ಪ್ರಯತ್ನಕ್ಕೇ ಗೆಲುವು ಬರಲಿಲ್ಲ. ಶುರುವಿನಲ್ಲಿ ಔಷಧ ಹರಳಿನ ರೂಪದಲ್ಲಿತ್ತು. ಕರುಳಿನಿಂದ ರಕ್ತಕ್ಕೆ ಅದು ಸರಿಯಾಗಿ ಇಳಿಯುತ್ತಿರಲಿಲ್ಲ, ಹಾಗಾಗಿ ಗಡ್ಡೆಗಳೂ ಜಗ್ಗಲಿಲ್ಲ. ಅಲ್ಲಿಗೇ ಕೈಬಿಟ್ಟಿದ್ದರೆ ಇಡೀ ಕಥೆ ಮುಗಿಯುತ್ತಿತ್ತು. ಔಷಧದ ರೂಪ ಬದಲಿಸಿ, ರಕ್ತದಲ್ಲಿ ಅದರ ಮಟ್ಟ ಏರಿಸಿದ ಮೇಲೆ ಪರಿಣಾಮ ಕಂಡಿತು. ಕೊನೆಗೆ ನಿಂತ ಡೋಸ್ 960 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಅಂದರೆ ಒಂದು ಹೊತ್ತಿಗೆ ನಾಲ್ಕು ಮಾತ್ರೆ.

ಆ ಕೆಲಸದಲ್ಲಿ ಹೊರಬಿದ್ದ ಒಂದು ಅಂಶ ಮುಂದಿನ ಕಥೆಗೆಲ್ಲ ಬೇಕಾಗುತ್ತದೆ. ರೋಗಿಗಳ ಗಡ್ಡೆಯಿಂದ ತುಣುಕು ತೆಗೆದು, ಅದರಲ್ಲಿ ಫಾಸ್ಫೇಟ್ ಅಂಟಿದ ಎರ್ಕ್ ಎಷ್ಟಿದೆ ಎಂದು ಅಳೆದರು. ಎರ್ಕ್ ಸಿಗ್ನಲ್ ಶೇಕಡಾ 80ಕ್ಕಿಂತ ಹೆಚ್ಚು ಇಳಿದರೆ ಗಡ್ಡೆ ಕುಗ್ಗುತ್ತದೆ. ಅರ್ಧದಷ್ಟು ಇಳಿದರೆ ಅರ್ಧ ಲಾಭವೇನೂ ಸಿಗುವುದಿಲ್ಲ. ಇಳಿಸಿದರೆ ಪೂರ್ತಿ ಇಳಿಸಬೇಕು, ಇಲ್ಲದಿದ್ದರೆ ಇಳಿಸಿಯೂ ಪ್ರಯೋಜನವಿಲ್ಲ.

2011ರಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಬಂತು. 675 ರೋಗಿಗಳು. ಅರ್ಧ ಜನಕ್ಕೆ ಹಳೆಯ ಕೀಮೋ ಔಷಧ ಡಕಾರ್ಬಜೀನ್, ಇನ್ನರ್ಧಕ್ಕೆ ವೆಮುರಾಫೆನಿಬ್. ಗಡ್ಡೆ ಕುಗ್ಗಿದ್ದು ಕೀಮೋದಲ್ಲಿ ಶೇಕಡಾ 5, ಹೊಸ ಮಾತ್ರೆಯಲ್ಲಿ ಶೇಕಡಾ 48. ಆರು ತಿಂಗಳ ಹೊತ್ತಿಗೆ ಬದುಕಿದ್ದವರು ಶೇಕಡಾ 64 ಮತ್ತು 84. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಗೆಲುವಿಗೆ ಮಿತಿಯೂ ಇತ್ತು. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲೇ ಗಡ್ಡೆ ಮತ್ತೆ ಬೆಳೆಯಿತು. ಕೆಲವರ ಚರ್ಮದ ಮೇಲೆ ಬೇರೆ ಬಗೆಯ ಸಣ್ಣ ಗಡ್ಡೆಗಳೂ ಎದ್ದವು. ಕೆಟ್ಟ ಬಿ-ರಾಫ್ ಇಲ್ಲದ, ಆದರೆ ರಾಸ್ ಚುರುಕಾಗಿರುವ ಕೋಶದಲ್ಲಿ ಇದೇ ಔಷಧ ಎರ್ಕ್ ಸಿಗ್ನಲ್ ಅನ್ನು ಇಳಿಸುವ ಬದಲು ಏರಿಸುತ್ತದೆ. ಎರಡು ರಾಫ್ ಜೋಡಿಯಾಗಿ ಕೂತಾಗ ಒಂದಕ್ಕೆ ಔಷಧ ಅಂಟಿದರೆ ಇನ್ನೊಂದು ಚುರುಕಾಗುತ್ತದೆ. 2010ರಲ್ಲೇ ಮೂರು ತಂಡಗಳು ಇದನ್ನು ತೋರಿಸಿದ್ದವು. ತಡೆಯುವ ಔಷಧವೇ ಸಿಗ್ನಲ್ ಏರಿಸಬಹುದು ಎಂಬ ಸುಳಿವು ಅಲ್ಲೇ ಇತ್ತು.

ಕರುಳಿನಲ್ಲಿ ಸೋಲು

ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಬಿ-ರಾಫ್ ಕೆಟ್ಟವರ ಪಾಡು ಮೊದಲೇ ಕಷ್ಟದ್ದು. ರೋಗ ಬೇಗ ಹರಡುತ್ತದೆ, ಮಾಮೂಲಿ ಕೀಮೋ ಹೆಚ್ಚು ಕಾಲ ಹಿಡಿದಿಡುವುದಿಲ್ಲ. ಹಾಗಾಗಿ ಹೊಸ ಮಾತ್ರೆಯ ಮೇಲೆ ಆಸೆ ಜಾಸ್ತಿ ಇತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಸ್ಕಾಟ್ ಕೋಪೆಟ್ಜ್ ಮತ್ತು ಸಂಗಡಿಗರು 2010ರಲ್ಲಿ ಮೊದಲ ಫಲಿತಾಂಶ ಮಂಡಿಸಿದರು. ಆರಂಭದಲ್ಲಿ ಹೇಳಿದ ‘21ರಲ್ಲಿ ಒಬ್ಬರು’ ಎಂಬುದು ಆ ಪ್ರಯೋಗದ್ದೇ.

ಇಂಥ ಸೋಲಿಗೆ ಸುಲಭದ ವಿವರಣೆಗಳು ಬೇಕಾದಷ್ಟು ಸಿಗುತ್ತವೆ. ಔಷಧ ಕರುಳಿನ ಗಡ್ಡೆಗೆ ತಲುಪುತ್ತಿಲ್ಲ ಎನ್ನಬಹುದು. ಕರುಳಿನ ಕ್ಯಾನ್ಸರ್‌ನಲ್ಲಿ ಬಿ-ರಾಫ್ ಸುಮ್ನೆ ಜೊತೆಗೆ ಬಂದದ್ದು, ರೋಗ ನಡೆಸುತ್ತಿರುವುದು ಬೇರೆ ಯಾವುದೋ ಎನ್ನಬಹುದು. ಎರಡನೆಯದು ಕೇಳಲು ಬಹಳ ಸರಿ ಅನಿಸುತ್ತದೆ. ಅದನ್ನು ನಂಬಿದ್ದರೆ ಬಿ-ರಾಫ್ ಅನ್ನು ಬಿಟ್ಟು ಬೇರೆ ದಾರಿ ಹುಡುಕಬೇಕಾಗಿತ್ತು. ಆದರೆ ಲ್ಯಾಬ್‌ನ ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳಿಗೆ ನೇರವಾಗಿ ಔಷಧ ಸುರಿದರೂ ಅವು ಸಾಯುತ್ತಿರಲಿಲ್ಲ. ಅಲ್ಲಿ ತಲುಪುವ ಪ್ರಶ್ನೆಯೇ ಇಲ್ಲ. ತೊಂದರೆ ಕೋಶದ ಒಳಗೇ ಇತ್ತು.

ಹುಡುಕಾಟ

ನೆದರ್ಲೆಂಡ್ಸ್ ಕ್ಯಾನ್ಸರ್ ಸಂಸ್ಥೆಯ ರೆನೆ ಬರ್ನಾರ್ಡ್ಸ್ ತಂಡ ಇಲ್ಲಿ ಒಂದು ಜಾಣ ದಾರಿ ಹಿಡಿಯಿತು. ಇಟಲಿಯ ಟ್ಯೂರಿನ್ ವಿಶ್ವವಿದ್ಯಾಲಯದ ಸಂಶೋಧಕರೂ ಜೊತೆಗಿದ್ದರು. ಇಂಥ ಪ್ರೋಟೀನ್ ಕಾರಣ ಇರಬಹುದು ಎಂದು ಊಹಿಸಿ ಹೊರಡಲಿಲ್ಲ. ಎಲ್ಲ ಕೈನೇಸ್‌ಗಳನ್ನೂ ಒಂದೇ ಸಲ ವಿಚಾರಣೆಗೆ ನಿಲ್ಲಿಸಿದರು.

ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮನುಷ್ಯನ ಕೋಶದಲ್ಲಿ ಐನೂರಕ್ಕೂ ಹೆಚ್ಚು ಕೈನೇಸ್‌ಗಳಿವೆ. ಒಂದೊಂದನ್ನೂ ಬಾಯಿ ಮುಚ್ಚಿಸಬಲ್ಲ ಪುಟ್ಟ ಆರ್‌ಎನ್‌ಎ ತುಣುಕುಗಳನ್ನು ತಯಾರಿಸಬಹುದು. ಅವನ್ನು ವೈರಸ್‌ಗಳಲ್ಲಿ ತುಂಬಿ, ಲೆಕ್ಕಾಚಾರದಿಂದ ಕೋಶಗಳ ಮೇಲೆ ಬಿಡುತ್ತಾರೆ. ಹೆಚ್ಚುಕಡಿಮೆ ಒಂದು ಕೋಶಕ್ಕೆ ಒಂದೇ ತುಣುಕು ಸೇರಬೇಕು. ಈಗ ತಟ್ಟೆಯಲ್ಲಿರುವ ಪ್ರತಿ ಕೋಶದಲ್ಲೂ ಒಂದೊಂದು ಕೈನೇಸ್ ಬಂದ್ ಆಗಿದೆ. ಈ ಗುಂಪನ್ನು ಎರಡು ಪಾಲು ಮಾಡುತ್ತಾರೆ. ಒಂದಕ್ಕೆ ಬಿ-ರಾಫ್ ಔಷಧ, ಇನ್ನೊಂದಕ್ಕೆ ಇಲ್ಲ. ಕೆಲವು ವಾರ ಬೆಳೆಯಲು ಬಿಟ್ಟು, ಉಳಿದ ಕೋಶಗಳ ಡಿಎನ್‌ಎ ಓದಿ, ಯಾವ ತುಣುಕು ಎಷ್ಟಿದೆ ಎಂದು ಎಣಿಸುತ್ತಾರೆ.

ನೋಡಬೇಕಾದ್ದು ಇರುವವರನ್ನಲ್ಲ, ಕಾಣೆಯಾದವರನ್ನು. ಔಷಧ ಇಲ್ಲದ ಪಾಲಿನಲ್ಲಿ ಆರಾಮಾಗಿದ್ದು, ಔಷಧ ಹಾಕಿದ ಪಾಲಿನಲ್ಲಿ ನಾಪತ್ತೆಯಾದ ತುಣುಕು ಯಾವುದು? ಅದು ಬಂದ್ ಮಾಡಿದ್ದ ಕೈನೇಸೇ, ಔಷಧದ ಎದುರು ಕೋಶವನ್ನು ಕಾಪಾಡುತ್ತಿದ್ದ ಕೈನೇಸ್.

ಸಿಕ್ಕಿದ ಹೆಸರು ಇಜಿಎಫ್‌ಆರ್.

ಇದು ಅಪರಿಚಿತ ಪ್ರೋಟೀನ್ ಅಲ್ಲ, ಈ ಕ್ಷೇತ್ರದ ಹಿರಿಯ. ಸ್ಟ್ಯಾನ್ಲಿ ಕೋಹೆನ್ ಎಂಬ ಜೀವರಸಾಯನ ವಿಜ್ಞಾನಿ ಇಲಿಯ ಜೊಲ್ಲು ಗ್ರಂಥಿಯ ಸಾರವನ್ನು ಆಗ ತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದ್ದರು. ಮರಿಗಳು ಕಣ್ಣು ಬಿಡಲು ಸಾಮಾನ್ಯವಾಗಿ ಎರಡು ವಾರ ಬೇಕು. ಇವು ಒಂದೇ ವಾರದಲ್ಲಿ ಕಣ್ಣು ಬಿಟ್ಟವು. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತು ಎಂದು ಬದಿಗಿಡುತ್ತಿದ್ದರೇನೋ. ಕೋಹೆನ್ ಅದರ ಹಿಂದೆ ಬಿದ್ದರು. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಆ ವಸ್ತುವನ್ನು ಶುದ್ಧ ಮಾಡಿ ತೆಗೆದರು. ಅದೇ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಚುಟುಕಾಗಿ ಇಜಿಎಫ್. ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಇಜಿಎಫ್‌ಆರ್. 1986ರ ನೊಬೆಲ್ ಅನ್ನು ಕೋಹೆನ್ ಮತ್ತು ರೀಟಾ ಲೆವಿ-ಮೊಂತಾಲ್ಚಿನಿ ಹಂಚಿಕೊಂಡರು.

ಇಜಿಎಫ್‌ಆರ್ ಇರುವುದು ಪೊರೆಯ ಮೇಲೆ, ಸಾಲಿನ ತಲೆಯಲ್ಲಿ. ಬಿ-ರಾಫ್ ಇರುವುದು ಅದರ ಕೆಳಗೆ. ಕೆಳಗಿನವನು ಮೇಲಿನ ಮಾತು ಕೇಳದೆ ತಾನೇ ಕೂಗುತ್ತಿದ್ದಾನೆ ಎಂಬುದೇ ಈ ಕ್ಯಾನ್ಸರ್‌ನ ವಿವರಣೆಯಾಗಿತ್ತು. ಹಾಗಿರುವಾಗ ಮೇಲಿನವನು ಮಧ್ಯೆ ಬಂದದ್ದು ಹೇಗೆ?

ಸರಪಳಿ ಅಲ್ಲ, ಸುತ್ತು

ಪಠ್ಯಪುಸ್ತಕದ ಚಿತ್ರದಲ್ಲಿ ಬಾಣಗಳೆಲ್ಲ ಮೇಲಿನಿಂದ ಕೆಳಕ್ಕೆ ಇರುತ್ತವೆ. ನಿಜವಾದ ಕೋಶದಲ್ಲಿ ಕೆಳಗಿನಿಂದ ಮೇಲಕ್ಕೂ ಬಾಣಗಳಿವೆ. ಎರ್ಕ್ ಜಾಸ್ತಿಯಾದರೆ ಅದೇ ಮೇಲಿನವರನ್ನು ತಗ್ಗಿಸುತ್ತದೆ. ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ: ನೀರು ಏರಿದಂತೆ ಚೆಂಡು ಮೇಲೆದ್ದು ನಲ್ಲಿ ಮುಚ್ಚುತ್ತದೆ, ಇಳಿದರೆ ತಾನಾಗಿ ತೆರೆಯುತ್ತದೆ. ಆರೋಗ್ಯವಂತ ಕೋಶದಲ್ಲಿ ಸಿಗ್ನಲ್ ಹದ್ದುಮೀರದಂತೆ ಕಾಯುವುದು ಈ ಏರ್ಪಾಡೇ.

ಬಿ-ರಾಫ್ ಕೆಟ್ಟ ಕರುಳಿನ ಕೋಶದಲ್ಲಿ ಎರ್ಕ್ ಸದಾ ಜಾಸ್ತಿ. ಹಾಗಾಗಿ ಇಜಿಎಫ್‌ಆರ್ ಸದಾ ತಗ್ಗಿದ ಸ್ಥಿತಿಯಲ್ಲಿರುತ್ತದೆ. ಇದೆ, ಆದರೆ ಬಾಯಿ ಬಿಡುತ್ತಿಲ್ಲ. ಈಗ ವೆಮುರಾಫೆನಿಬ್ ಬರುತ್ತದೆ. ಬಿ-ರಾಫ್ ನಿಂತಿತು, ಮೆಕ್ ನಿಂತಿತು, ಎರ್ಕ್ ಇಳಿಯಿತು. ಅದರ ಜೊತೆಗೇ ಇಜಿಎಫ್‌ಆರ್ ಮೇಲಿದ್ದ ಕಡಿವಾಣವೂ ಹೋಯಿತು. ಇಜಿಎಫ್‌ಆರ್ ಎದ್ದು ಕೂತು ರಾಸ್ ಅನ್ನು ಎಬ್ಬಿಸುತ್ತದೆ. ಬೆಳವಣಿಗೆಯ ಸೂಚನೆ ಮತ್ತೆ ಶುರು.

ಕಡಿವಾಣ ಯಾವುದು ಎಂಬುದನ್ನೂ ಬರ್ನಾರ್ಡ್ಸ್ ತಂಡ ಹುಡುಕಿತು. ಅವರು ತೋರಿಸಿದ್ದು ಸಿಡಿಸಿ25ಸಿ ಎಂಬ ಫಾಸ್ಫಟೇಸ್ ಅನ್ನು. ಮೆಕ್-ಎರ್ಕ್ ಸಿಗ್ನಲ್ ಇದ್ದಾಗ ಇದು ಚುರುಕಾಗಿದ್ದು, ಇಜಿಎಫ್‌ಆರ್ ಮೇಲಿನ ಫಾಸ್ಫೇಟ್‌ಗಳನ್ನು ಕೀಳುತ್ತಿರುತ್ತದೆ. ಸಿಗ್ನಲ್ ನಿಂತರೆ ಇದೂ ಕೆಲಸ ನಿಲ್ಲಿಸುತ್ತದೆ, ಫಾಸ್ಫೇಟ್‌ಗಳು ಅಂಟಿಕೊಂಡೇ ಉಳಿಯುತ್ತವೆ. ಇದೊಂದೇ ದಾರಿ ಅಂತಲ್ಲ. ಸ್ಪ್ರೌಟಿ ಎಂಬ ಪ್ರೋಟೀನ್ ಗುಂಪಿನಂತೆ ಎರ್ಕ್ ನಡೆಸುವ ಬೇರೆ ಕಡಿವಾಣಗಳೂ ಇವೆ, ಅವೂ ಸಡಿಲವಾಗುತ್ತವೆ.

ಇನ್ನು ಮೆಲನೋಮಾ. ಅಲ್ಲಿ ಇದೇ ಸುತ್ತು ಏಕೆ ಆಟ ಕೆಡಿಸಲಿಲ್ಲ? ಉತ್ತರ ಕೋಶದ ಹುಟ್ಟಿನಲ್ಲಿದೆ. ಕರುಳಿನ ಒಳಪದರದ ಕೋಶಗಳು ಎಪಿಥೀಲಿಯಲ್ ಕುಲದವು, ಅಂದರೆ ಅಂಗಗಳಿಗೆ ಹೊದಿಕೆಯಾಗಿರುವ ಕೋಶಗಳು, ಅವುಗಳ ಮೇಲೆ ಇಜಿಎಫ್‌ಆರ್ ಧಾರಾಳವಾಗಿರುತ್ತದೆ. ಚರ್ಮದ ಬಣ್ಣದ ಕೋಶಗಳು ಭ್ರೂಣದ ನರ ಶಿಖೆ ಎಂಬ ಭಾಗದಿಂದ ವಲಸೆ ಬಂದವು, ಅವುಗಳ ಮೇಲೆ ಇಜಿಎಫ್‌ಆರ್ ತೀರಾ ಕಡಿಮೆ. ಕಡಿವಾಣ ಬಿಚ್ಚಿದರೂ ಎದ್ದು ಕೂರಲು ಅಲ್ಲಿ ಯಾರೂ ಇಲ್ಲ.

ಇದು ಬರೀ ತರ್ಕವಾಗಿ ಉಳಿಯಲಿಲ್ಲ. ತಂಡದವರು ಮೆಲನೋಮಾ ಕೋಶಗಳಿಗೆ ಬೇಕೆಂದೇ ಇಜಿಎಫ್‌ಆರ್ ಸೇರಿಸಿದರು. ಅಲ್ಲಿಯವರೆಗೆ ಔಷಧಕ್ಕೆ ಸಾಯುತ್ತಿದ್ದ ಕೋಶಗಳು ಔಷಧಕ್ಕೆ ಜಗ್ಗದಾದವು. ಇಡೀ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದ ಪ್ರಯೋಗ ಇದು. ಕಾರಣ ಹೇಳುವುದು ಬೇರೆ, ಆ ಕಾರಣವನ್ನು ಇನ್ನೊಂದು ಕೋಶಕ್ಕೆ ಹಾಕಿ ಅದೇ ರೋಗಲಕ್ಷಣ ತರಿಸುವುದು ಬೇರೆ.

ಲೇಖನ 2012ರ ಆರಂಭದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸರಿಸುಮಾರು ಅದೇ ಹೊತ್ತಿಗೆ ಬಾಸ್ಟನ್‌ನಲ್ಲಿ, ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರಯಾನ್ ಕಾರ್ಕೋರನ್ ಮತ್ತು ಸಂಗಡಿಗರು ಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದು ನಿಂತಿದ್ದರು. ಅವರು ಎರ್ಕ್ ಅನ್ನು ಗಂಟೆ ಗಂಟೆಗೂ ಹಿಂಬಾಲಿಸಿದ್ದರು. ಮೆಲನೋಮಾ ಕೋಶದಲ್ಲಿ ಔಷಧ ಹಾಕಿದ ಮೇಲೆ ಎರ್ಕ್ ಇಳಿದು ಕೆಳಗೇ ಉಳಿಯಿತು. ಕರುಳಿನ ಕೋಶದಲ್ಲಿ ಇಳಿದಂತೆ ಮಾಡಿ ಒಂದು ದಿನದೊಳಗೆ ಮತ್ತೆ ಏರಿತು. ಶೇಕಡಾ 80ರ ಮಾತು ನೆನಪಿದೆಯಲ್ಲ? ಕರುಳಿನ ಕೋಶ ಆ ಗೆರೆ ದಾಟಲು ಬಿಡುತ್ತಲೇ ಇರಲಿಲ್ಲ.

ಎರಡು ಸೋತ ಔಷಧಗಳು

ಇಜಿಎಫ್‌ಆರ್ ತಡೆಯುವ ಔಷಧ ಆಗಲೇ ಅಂಗಡಿಯಲ್ಲಿತ್ತು. ಸೆಟುಕ್ಸಿಮ್ಯಾಬ್ ಎಂಬ ಆಂಟಿಬಾಡಿ ದೊಡ್ಡಕರುಳಿನ ಕ್ಯಾನ್ಸರ್‌ಗೇ ಬಳಕೆಯಲ್ಲಿತ್ತು. ಬಿ-ರಾಫ್ ಕೆಟ್ಟವರಲ್ಲಿ ಮಾತ್ರ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇರಲಿಲ್ಲ. ಮೇಲೆ ಬಾಗಿಲು ಹಾಕಿದರೇನು, ಕೆಳಗೆ ಬಿ-ರಾಫ್ ಸ್ವಂತವಾಗಿ ಓಡುತ್ತಿದೆಯಲ್ಲ.

ಅಂದರೆ ಸೆಟುಕ್ಸಿಮ್ಯಾಬ್ ಒಂಟಿಯಾಗಿ ಸೋತಿತ್ತು. ವೆಮುರಾಫೆನಿಬ್ ಕೂಡ ಒಂಟಿಯಾಗಿ ಸೋತಿತ್ತು. ಎರಡನ್ನೂ ಒಟ್ಟಿಗೆ ಕೊಟ್ಟರೆ? ತಟ್ಟೆಯಲ್ಲಿ ಮತ್ತು ಇಲಿಗಳಲ್ಲಿ ಜೋಡಿ ಚೆನ್ನಾಗಿ ಕೆಲಸ ಮಾಡಿತು. ಎರಡೂ ಔಷಧ ಮನುಷ್ಯರಿಗೆ ಕೊಡಲು ಒಪ್ಪಿಗೆ ಪಡೆದಿದ್ದರಿಂದ ಆಸ್ಪತ್ರೆಗೆ ದಾರಿ ಹತ್ತಿರ ಅನಿಸಿತು.

ಜನಪ್ರಿಯ ವಿಜ್ಞಾನದ ಲೇಖನಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಕಾರಣ ಸಿಕ್ಕಿತು, ಪರಿಹಾರ ಸಿಕ್ಕಿತು, ಚಪ್ಪಾಳೆ. ಆದರೆ 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಅಂಗ ಯಾವುದೇ ಇರಲಿ, ಬಿ-ರಾಫ್ ವಿ600 ದೋಷ ಇದ್ದರೆ ಸಾಕು ಎಂದು ರೋಗಿಗಳನ್ನು ಸೇರಿಸಿಕೊಂಡಿದ್ದ ಪ್ರಯೋಗ ಅದು. ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ವೆಮುರಾಫೆನಿಬ್ ಒಂದೇ ಶೇಕಡಾ 42 ಜನರಲ್ಲಿ ಗಡ್ಡೆ ಕುಗ್ಗಿಸಿತು. ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಒಂಟಿ ಮಾತ್ರೆಗೆ ಯಾರಲ್ಲೂ ಕುಗ್ಗಲಿಲ್ಲ. ಸೆಟುಕ್ಸಿಮ್ಯಾಬ್ ಜೊತೆ ಸೇರಿಸಿ ಕೊಟ್ಟಾಗಲೂ ಕುಗ್ಗಿದ್ದು ಶೇಕಡಾ 4 ಮಾತ್ರ.

ಕಾರಣ ಸರಿಯಾಗಿಯೇ ಸಿಕ್ಕಿತ್ತು. ಆದರೂ ಫಲ ಇಷ್ಟೇ. ಈ ಶೇಕಡಾ 4 ನೋಡಿ ಆಗ ಇಡೀ ವಿವರಣೆಯನ್ನೇ ತಪ್ಪು ಎಂದು ತಳ್ಳಿಹಾಕುವುದು ಸುಲಭವಿತ್ತು.

ಮೆಕ್ ಕಡೆಯಿಂದಲೂ ಪ್ರಯತ್ನ ನಡೆದಿತ್ತು. ಬಿ-ರಾಫ್ ತಡೆಯುವ ಡಬ್ರಾಫೆನಿಬ್, ಮೆಕ್ ತಡೆಯುವ ಟ್ರಾಮೆಟಿನಿಬ್. ಈ ಜೋಡಿ ಮೆಲನೋಮಾದಲ್ಲಿ ಒಂಟಿ ಔಷಧಕ್ಕಿಂತ ಚೆನ್ನಾಗಿ ಕೆಲಸ ಮಾಡಿತು, 2014ರಲ್ಲಿ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ದೊಡ್ಡಕರುಳಿನ ಕ್ಯಾನ್ಸರ್ ಇದ್ದ 43 ಜನರಿಗೆ ಕೊಟ್ಟಾಗ ಗಡ್ಡೆ ಕುಗ್ಗಿದ್ದು ಐವರಲ್ಲಿ. ಅವರಲ್ಲಿ ಒಬ್ಬರ ರೋಗ ಪೂರ್ತಿ ಮಾಯವಾಗಿ, ಮೂರು ವರ್ಷ ದಾಟಿದರೂ ಮರಳಿರಲಿಲ್ಲ. ಚಿಕಿತ್ಸೆಯ ನಡುವೆ ತೆಗೆದ ಗಡ್ಡೆಯ ತುಣುಕುಗಳಲ್ಲಿ ಎರ್ಕ್ ಇಳಿದಿತ್ತು, ಆದರೆ ಮೆಲನೋಮಾದಲ್ಲಿ ಇಳಿದಷ್ಟು ಇಳಿದಿರಲಿಲ್ಲ.

ಔಷಧ ಎಷ್ಟು ಹೊತ್ತು ಅಂಟಿರುತ್ತದೆ

ಇಲ್ಲಿಂದ ಮುಂದಿನ ಹೆಜ್ಜೆಯಲ್ಲಿ ರಸಾಯನಶಾಸ್ತ್ರದ್ದೂ ಪಾಲಿದೆ. ಎನ್ಕೊರಾಫೆನಿಬ್ ಎಂಬ ಹೊಸ ಬಿ-ರಾಫ್ ಔಷಧ ಬಂದಿತ್ತು. ಗುರಿ ಅದೇ, ಜಾಗವೂ ಅದೇ. ವ್ಯತ್ಯಾಸ ಇರುವುದು ಅಂಟಿಕೊಂಡಿರುವ ಹೊತ್ತಿನಲ್ಲಿ. ವೆಮುರಾಫೆನಿಬ್ ಬಿ-ರಾಫ್‌ನಿಂದ ಕಳಚಿಕೊಳ್ಳುವ ಅರ್ಧಾಯುಷ್ಯ, ಅಂದರೆ ಅಂಟಿದ್ದರಲ್ಲಿ ಅರ್ಧದಷ್ಟು ಕಳಚಲು ಬೇಕಾದ ಹೊತ್ತು, ಸುಮಾರು ಅರ್ಧ ಗಂಟೆ, ಡಬ್ರಾಫೆನಿಬ್‌ದು ಸುಮಾರು ಎರಡು ಗಂಟೆ. ಎನ್ಕೊರಾಫೆನಿಬ್‌ದು 30 ಗಂಟೆಗೂ ಹೆಚ್ಚು. ಮೇಲಿನಿಂದ ಇಜಿಎಫ್‌ಆರ್ ಸದಾ ತಳ್ಳುತ್ತಿರುವ ಕೋಶದಲ್ಲಿ, ಅರ್ಧ ಗಂಟೆಗೆ ಸಡಿಲವಾಗುವ ಹಿಡಿತಕ್ಕೂ ಇಡೀ ದಿನ ಬಿಡದ ಹಿಡಿತಕ್ಕೂ ಅಂತರ ಇರಲೇಬೇಕಲ್ಲ. ಶೇಕಡಾ 4ರಿಂದ ಮುಂದಿನ ಅಂಕಿಗಳಿಗೆ ಜಿಗಿದದ್ದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಒಂದೇ ಗುರಿಯ ಔಷಧಗಳೆಲ್ಲ ಒಂದೇ ಎಂದು ಲೆಕ್ಕ ಹಾಕುವವರು ಈ ಅಂಕಿಗಳನ್ನೊಮ್ಮೆ ನೋಡಬೇಕು.

2019ರಲ್ಲಿ ಬೀಕನ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಮುಂದಾಳು ಮತ್ತೆ ಕೋಪೆಟ್ಜ್, ಅಂದರೆ 2010ರ ಸೋಲನ್ನು ಜಗತ್ತಿಗೆ ಹೇಳಿದವರೇ. 665 ರೋಗಿಗಳು, ಎಲ್ಲರಿಗೂ ಆಗಲೇ ಒಂದು ಅಥವಾ ಎರಡು ಸುತ್ತಿನ ಚಿಕಿತ್ಸೆ ಸೋತಿತ್ತು. ಮೂರು ಗುಂಪು ಮಾಡಿದರು. ಒಂದಕ್ಕೆ ಎನ್ಕೊರಾಫೆನಿಬ್ ಮತ್ತು ಸೆಟುಕ್ಸಿಮ್ಯಾಬ್. ಇನ್ನೊಂದಕ್ಕೆ ಇವೆರಡರ ಜೊತೆ ಮೆಕ್ ತಡೆಯುವ ಬಿನಿಮೆಟಿನಿಬ್. ಮೂರನೆಯದಕ್ಕೆ ಸೆಟುಕ್ಸಿಮ್ಯಾಬ್ ಮತ್ತು ಇರಿನೊಟಿಕ್ಯಾನ್ ಆಧಾರಿತ ಕೀಮೋ.

ಕೀಮೋ ಗುಂಪಿನಲ್ಲಿ ಗಡ್ಡೆ ಕುಗ್ಗಿದ್ದು ಶೇಕಡಾ 2. ಮೂರು ಔಷಧದ ಗುಂಪಿನಲ್ಲಿ ಶೇಕಡಾ 26, ಎರಡು ಔಷಧದ ಗುಂಪಿನಲ್ಲಿ ಶೇಕಡಾ 20. ಬದುಕಿದ ಅವಧಿಯ ಮಧ್ಯಾಂಕ ಕೀಮೋದಲ್ಲಿ 5.4 ತಿಂಗಳು, ಎರಡು ಔಷಧದಲ್ಲಿ 8.4, ಮೂರರಲ್ಲಿ 9.0. ಇನ್ನಷ್ಟು ದಿನ ಕಾದು ನೋಡಿದಾಗ ಎರಡಕ್ಕೂ ಮೂರಕ್ಕೂ ಬದುಕಿನ ಅವಧಿಯಲ್ಲಿ ಅಂತರವೇ ಉಳಿಯಲಿಲ್ಲ, ಎರಡೂ 9.3 ತಿಂಗಳಿಗೆ ಬಂದು ನಿಂತವು. ಹಾಗಾಗಿ 2020ರ ಏಪ್ರಿಲ್‌ನಲ್ಲಿ ಎಫ್‌ಡಿಎ ಒಪ್ಪಿದ್ದು ಎರಡು ಔಷಧದ ಜೋಡಿಯನ್ನು.

ಅಂಕಿಗಳನ್ನು ಹಾಗೇ ನೋಡಿದರೆ ಲಾಭ ಮೂರ್ನಾಲ್ಕು ತಿಂಗಳು. ಇಷ್ಟೇನಾ ಅನಿಸಬಹುದು. ಆದರೆ ಈ ರೋಗಿಗಳಿಗೆ ಅಷ್ಟರವರೆಗೆ ಎರಡನೇ ಸುತ್ತಿನಲ್ಲಿ ಕೊಡಲು ಹೆಚ್ಚುಕಡಿಮೆ ಏನೂ ಇರಲಿಲ್ಲ. ಕೀಮೋದ ಕಠಿಣ ಅಡ್ಡಪರಿಣಾಮಗಳೂ ಇಲ್ಲಿ ಕಡಿಮೆಯಾದವು. ನನ್ನ ಮಟ್ಟಿಗೆ ಇದು ನಿಜವಾದ ಗೆಲುವೇ, ಸಣ್ಣದಿರಬಹುದು ಅಷ್ಟೇ.

ಮುಂದಿನ ಪ್ರಶ್ನೆ ಸಹಜವಾಗಿಯೇ ಬಂತು. ಸೋತ ಮೇಲೆ ಕೊಡುವ ಬದಲು ಮೊದಲಿಗೇ ಕೊಟ್ಟರೆ? ಬ್ರೇಕ್‌ವಾಟರ್ ಎಂಬ ಪ್ರಯೋಗದಲ್ಲಿ ಇದೇ ಜೋಡಿಯನ್ನು ಕೀಮೋ ಜೊತೆ ಸೇರಿಸಿ ಮೊದಲ ಚಿಕಿತ್ಸೆಯಾಗಿ ಕೊಟ್ಟರು. ಮಾಮೂಲಿ ಚಿಕಿತ್ಸೆಯಲ್ಲಿ ಶೇಕಡಾ 40 ಜನರಿಗೆ ಗಡ್ಡೆ ಕುಗ್ಗಿದರೆ ಇದರಲ್ಲಿ ಶೇಕಡಾ 60.9 ಜನರಿಗೆ. 2024ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಇದಕ್ಕೆ ತ್ವರಿತ ಒಪ್ಪಿಗೆ ನೀಡಿತು. ರೋಗ ಮುಂದುವರಿಯದೆ ಉಳಿದ ಅವಧಿಯ ಲೆಕ್ಕ 2025ರಲ್ಲಿ ಬಂತು: ಮಾಮೂಲಿಯಲ್ಲಿ 7.1 ತಿಂಗಳು, ಹೊಸದರಲ್ಲಿ 12.8.

ತಿರುಗಿ ಮೆಲನೋಮಾಗೆ

ಇಜಿಎಫ್‌ಆರ್ ಕಥೆ ಕರುಳಿಗಷ್ಟೇ ಸೀಮಿತವಾಗಲಿಲ್ಲ. 2014ರಲ್ಲಿ ಬರ್ನಾರ್ಡ್ಸ್ ತಂಡವೇ ಇನ್ನೊಂದು ಸಂಗತಿ ತೋರಿಸಿತು. ಔಷಧ ತೆಗೆದುಕೊಂಡು, ಸ್ವಲ್ಪ ಕಾಲ ಚೆನ್ನಾಗಿದ್ದು, ನಂತರ ಮತ್ತೆ ರೋಗ ಹೆಚ್ಚಾದ ಮೆಲನೋಮಾ ರೋಗಿಗಳ 16 ಗಡ್ಡೆಗಳನ್ನು ಪರೀಕ್ಷಿಸಿದರು. ಆರರಲ್ಲಿ ಇಜಿಎಫ್‌ಆರ್ ಹೊಸದಾಗಿ ಕಾಣಿಸಿಕೊಂಡಿತ್ತು. ಲ್ಯಾಬ್‌ನಲ್ಲಿ ಬೇಕೆಂದೇ ಸೇರಿಸಿದ್ದನ್ನು ಈ ಗಡ್ಡೆಗಳು ತಾವಾಗಿ ಸೇರಿಸಿಕೊಂಡಿದ್ದವು. ಸಾಕ್ಸ್10 ಎಂಬ ಪ್ರೋಟೀನ್ ಇಳಿದಾಗ ಇಜಿಎಫ್‌ಆರ್ ಏರುತ್ತದೆ ಎಂದು ಅವರು ಕಂಡರು. ಔಷಧ ಇರುವಾಗ ಇಂಥ ಕೋಶಗಳಿಗೆ ಲಾಭ, ಔಷಧ ನಿಂತರೆ ಅದೇ ಅವುಗಳಿಗೆ ಹೊರೆ. ಮೆಲನೋಮಾ ರೋಗಿಗೆ ಔಷಧದಿಂದ ಕೆಲವು ಕಾಲ ಬಿಡುವು ಕೊಟ್ಟು ಮತ್ತೆ ಶುರು ಮಾಡಿದರೆ ಹೇಗೆ ಎಂಬ ಯೋಚನೆಗೆ ಇದು ಆಧಾರ ಕೊಟ್ಟಿತು.

ಇನ್ನೊಂದು ತುದಿಯಲ್ಲಿ ಹೇರಿ ಸೆಲ್ ಲ್ಯುಕೇಮಿಯಾ ಎಂಬ ಅಪರೂಪದ ರಕ್ತ ಕ್ಯಾನ್ಸರ್ ಇದೆ. ಇಟಲಿಯ ಪೆರುಜಾ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಇದರ ಬಹುತೇಕ ಎಲ್ಲ ರೋಗಿಗಳಲ್ಲೂ ವಿ600ಇ ಇದೆ ಎಂದು ತೋರಿಸಿತು. ಬೇರೆ ಚಿಕಿತ್ಸೆಗಳು ಸೋತವರಿಗೆ ವೆಮುರಾಫೆನಿಬ್ ಕೊಟ್ಟಾಗ ಶೇಕಡಾ 96 ಜನರಲ್ಲಿ ಪರಿಣಾಮ ಕಂಡಿತು. ಮ್ಯುಟೇಷನ್ ಒಂದೇ, ಮಾತ್ರೆಯೂ ಒಂದೇ. ಹೇರಿ ಸೆಲ್‌ನಲ್ಲಿ 96, ಮೆಲನೋಮಾದಲ್ಲಿ 48, ಕರುಳಿನಲ್ಲಿ 5.

2022ರ ಜೂನ್‌ನಲ್ಲಿ ಎಫ್‌ಡಿಎ ಡಬ್ರಾಫೆನಿಬ್-ಟ್ರಾಮೆಟಿನಿಬ್ ಜೋಡಿಗೆ ಅಂಗ ನೋಡದ ಒಪ್ಪಿಗೆ ಕೊಟ್ಟಿತು. ಬಿ-ರಾಫ್ ವಿ600ಇ ಇರುವ, ಬೇರೆ ಚಿಕಿತ್ಸೆಗೆ ಬಗ್ಗದ ಘನ ಗಡ್ಡೆ ಎಲ್ಲೇ ಇರಲಿ, ಕೊಡಬಹುದು. ಆದರೆ ಆ ಒಪ್ಪಿಗೆಯಲ್ಲೇ ಒಂದು ಅಂಗವನ್ನು ಹೆಸರು ಹಿಡಿದು ಹೊರಗಿಟ್ಟಿದ್ದಾರೆ: ದೊಡ್ಡಕರುಳು. ಬಿ-ರಾಫ್ ಔಷಧಕ್ಕೆ ಅಲ್ಲಿ ಹುಟ್ಟಿನಿಂದಲೇ ಇರುವ ಪ್ರತಿರೋಧ ಗೊತ್ತಿದೆ ಎಂಬ ಕಾರಣವನ್ನೂ ಬರೆದಿದ್ದಾರೆ.

ಎನ್ಕೊರಾಫೆನಿಬ್-ಸೆಟುಕ್ಸಿಮ್ಯಾಬ್ ತೆಗೆದುಕೊಂಡವರಲ್ಲೂ ಹೆಚ್ಚಿನವರಿಗೆ ರೋಗ ಕೊನೆಗೆ ಮರಳುತ್ತದೆ. ಆಗ ಅವರ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಓದಿದರೆ ಏನು ಕಾಣುತ್ತದೆ? ಬೀಕನ್ ರೋಗಿಗಳ ರಕ್ತದಲ್ಲಿ ಕೆ-ರಾಸ್ ಮತ್ತು ಎನ್-ರಾಸ್ (ಎರಡೂ ರಾಸ್‌ನ ಬಗೆಗಳು) ದೋಷಗಳು, ಮೆಕ್‌ನ ಜೀನ್‌ನಲ್ಲಿ ದೋಷ, ಮೆಟ್ ಎಂಬ ಇನ್ನೊಂದು ರಿಸೆಪ್ಟರ್‌ನ ಹೆಚ್ಚುವರಿ ಪ್ರತಿಗಳು ಕಂಡವು. ಒಂದು ಇಜಿಎಫ್‌ಆರ್‌ಗೆ ಬದಲಿ, ಉಳಿದವು ಅದರ ಕೆಳಗಿನವು. ಎಲ್ಲವೂ ಹೋಗಿ ಸೇರುವುದು ಎರ್ಕ್‌ಗೇ. ಹಾಗಾಗಿ ಈಗ ಹಲವು ತಂಡಗಳು ನೇರವಾಗಿ ಎರ್ಕ್ ಅನ್ನೇ ತಡೆಯುವ ಔಷಧಗಳ ಮೇಲೆ ಕೆಲಸ ಮಾಡುತ್ತಿವೆ. ಅಲ್ಲಿ ತೊಡಕು ಬೇರೆ: ಎರ್ಕ್ ಇಲ್ಲದೆ ಆರೋಗ್ಯವಂತ ಕೋಶಗಳೂ ಬದುಕುವುದಿಲ್ಲ. ಗಡ್ಡೆಯಲ್ಲಿ ಶೇಕಡಾ 80 ದಾಟಿಸಿ ಇಳಿಸಬೇಕು, ಉಳಿದ ಮೈಯಲ್ಲಿ ಅಷ್ಟು ಇಳಿಯಬಾರದು.